ಹಾಡಿನ ಹಿಂದಿನ ದನಿ

ಸಂಗೀತ ನಿರ್ದೇಶಕರು ಹೊಸ ಹೆಡ್‌ಫೋನನ್ನು ಕಿವಿಯಿಂದ ತೆಗೆದರು.

“ಗಾಯಕಿ ದನಿ ಹಿಂದೆ ಇನ್ನೊಬ್ಬರು ಹಾಡ್ತಿದಾರಲ್ರೀ.”

ಸೌಂಡ್ ಇಂಜಿನಿಯರ್ ಹಳೆಯದನ್ನು ಕೊಟ್ಟ. ಎರಡೂ ಓಪನ್ ಬ್ಯಾಕ್, ಹೊರಮೈ ಜಾಲರಿಯಂತೆ ತೆರೆದಿರುವಂಥವು. ನಿರ್ದೇಶಕರು ಅದೇ ಸಾಲನ್ನು ನಾಲ್ಕು ಸಲ ಕೇಳಿದರು.

“ಇದರಲ್ಲಿ ಇಲ್ಲ. ಯಾವುದನ್ನ ನಂಬ್ಲಿ?”

“ಹೊಸದು ಹಾಗೇ ಸಾರ್. ಇಲ್ಲದ್ದನ್ನೂ ಕೇಳಿಸುತ್ತೆ.”

“ಮಾದರಿಗೆ ಅಂತ ಯಾರೋ ಟ್ರ್ಯಾಕ್ ಹಾಡಿದ್ರಲ್ಲ, ಅವರ ದನೀನಾ? ಗಾಯಕಿ ಅದನ್ನ ಕಿವೀಲಿ ಕೇಳ್ಕೊಂಡೇ ಹಾಡಿದ್ದು. ಅವತ್ತು ಗಾಯಕಿಗೂ ಇಂಥದ್ದೇ ಕೊಟ್ಟಿದ್ರಾ?”

“ಓಪನ್ ಬ್ಯಾಕ್ ಕೊಟ್ರೆ ಕಿವೀಲಿ ಕೇಳೋದು ಹೊರಗೆ ಸೋರಿ ಮೈಕಿಗೆ ಬೀಳುತ್ತೆ ಸಾರ್. ಇಪ್ಪತ್ತು ವರ್ಷದಿಂದ ಇದೀನಿ, ಅಷ್ಟೂ ಗೊತ್ತಿಲ್ವಾ ನಂಗೆ?”

ನಿರ್ದೇಶಕರು ಅರೆಮನಸ್ಸಿನಿಂದಲೇ ಹಾಡನ್ನು ಒಪ್ಪಿ ಹೊರಟರು.

ಇಂಜಿನಿಯರ್ ಹೊಸ ಹೆಡ್‌ಫೋನನ್ನು ಮನೆಗೆ ಒಯ್ದು, ಹೆಂಡತಿಯ ಕಿವಿಗಿಟ್ಟು ಅದೇ ಹಾಡು ಹಾಕಿದ. ಕಣ್ಣು ಮುಚ್ಚಿ ಕೇಳುತ್ತಿದ್ದವಳು ತಟ್ಟನೆ ಅವನ ಕೈ ಹಿಡಿದಳು.

“ಇದು ನಾನಲ್ವೇನ್ರೀ? ನನ್ನ ಟ್ರ್ಯಾಕ್ ಅಳಿಸ್ಲಿಲ್ವಾ?”

“ಅಳಿಸ್ದೆ. ನೂರಾ ಹನ್ನೆರಡು ಹಾಡಲ್ಲೂ ನಿನ್ನ ದನಿ ನಾನೇ ಅಳಿಸಿದೀನಿ. ಈ ಸಲ ಮಾತ್ರ ಆಯಮ್ಮನ ಕಿವಿಗೆ ಓಪನ್ ಬ್ಯಾಕ್ ಹಾಕ್ದೆ.”