ಹೂಜಿ ಗಿಡದ ನೀರು

ನೀರಿನ ಲವಣ ಅಳೆಯುವ ಮೀಟರಿನ ತುದಿಯನ್ನು ಕ್ಯಾನಿನೊಳಗೆ ಅದ್ದಿದಳು. ಮುನ್ನೂರ ಹನ್ನೆರಡು. ಒರೆಸಿ ಮತ್ತೆ ಅದ್ದಿದಳು. ಮುನ್ನೂರ ಹನ್ನೆರಡೇ. ನಲ್ಲಿಯಿಂದ ಲೋಟದಲ್ಲಿ ಹಿಡಿದ ನೀರೂ ಅಷ್ಟನ್ನೇ ತೋರಿಸಿತು. ಬಟ್ಟಿ ಇಳಿಸಿದ ನೀರಾಗಿದ್ದರೆ ಐದು ದಾಟಬಾರದಿತ್ತು.

ಸಿಂಕಿನ ಮುಂದೆ ನಾದಿನಿ ಪಾತ್ರೆ ಉಜ್ಜುತ್ತಿದ್ದಳು.

ಬಾಲ್ಕನಿಯಲ್ಲಿ, ಹೂಜಿಯಂಥ ಎಲೆಗಳಲ್ಲಿ ನೊಣ ಹಿಡಿದು ತಿನ್ನುವ ಏಳು ಹೂಜಿ ಗಿಡಗಳಿದ್ದವು. ಬಟ್ಟೆ ಹೊಲಿದು ಕಣ್ಣು ಸೋತಾಗ ಅವಳು ಹೋಗಿ ನಿಲ್ಲುತ್ತಿದ್ದುದು ಅಲ್ಲಿಯೇ. ನಲ್ಲಿ ನೀರಿನ ಲವಣ ಆ ಬೇರುಗಳಿಗೆ ನಿಧಾನ ವಿಷ. ಅದಕ್ಕೇ ಗಂಡ ತಾನು ಕೆಲಸ ಮಾಡುವ ಲ್ಯಾಬಿನಿಂದ ದಿನವೂ ಎರಡು ಲೀಟರ್ ಬಟ್ಟಿ ಇಳಿಸಿದ ನೀರು ಬಾಟಲಿಯಲ್ಲಿ ತಂದು ಕ್ಯಾನಿಗೆ ಸುರಿಯುತ್ತಿದ್ದ. ಆದರೂ ಮೂರು ಗಿಡ ಸತ್ತಿದ್ದವು. ಉಳಿದ ನಾಲ್ಕರಲ್ಲಿ ಎಲೆಯಂಚು ಸುಟ್ಟು, ಹೊಸ ಹೂಜಿ ಒಂದೂ ಮೂಡಿರಲಿಲ್ಲ.

"ಕ್ಯಾನಿಗೆ ನಲ್ಲಿ ನೀರು ಬೆರೆಸಿದ್ದೀಯಾ?"

"ನಮಗೆಲ್ಲ ನಲ್ಲಿ ನೀರು, ನೊಣ ತಿನ್ನೋ ಮಹಾರಾಣಿಯರಿಗೆ ಬೇರೆ ನೀರು ಅಂತ ಗೊತ್ತಿಲ್ವಾ ಅತ್ತಿಗೆ? ನಾನ್ಯಾಕೆ ಮುಟ್ಟಲಿ?"

"ತಮಾಷೆ ಬೇಡ. ಮನೇಲಿರೋದು ಮೂರೇ ಜನ."

ನಾದಿನಿ ಕೈ ಒರೆಸಿಕೊಂಡಳು. "ಬಂದಿದ್ದೇ ಹಾಗಿರಬಹುದಲ್ಲ?"

"ಲ್ಯಾಬಿಂದ ಬಂದ ನೀರು ಕಣೇ ಅದು!"

ರಾತ್ರಿ ಊಟಕ್ಕೆ ಕೂತಾಗ ಅದೇ ಮಾತು ಎದ್ದಿತು. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅವಳಿಗೆ ಗಡಿಬಿಡಿ ಜಾಸ್ತಿ. ಬೇಕಂತ ಮಾಡಿರಲ್ಲ, ಬಿಡು."

"ಅಣ್ಣಾ, ನೀನೇ ಹೇಳು," ಎಂದಳು ನಾದಿನಿ. "ಆ ನೀರು ಎಲ್ಲಿಂದ ತರ್ತೀಯಾ?"

"ಲ್ಯಾಬಿಂದ. ಇನ್ನೆಲ್ಲಿಂದ?"

ನಾದಿನಿ ಅಣ್ಣನ ಮುಖವನ್ನೇ ನೋಡಿದಳು. "ಸರಿ. ನಾನೇ ಬೆರೆಸಿದ್ದು," ಎಂದು ಎದ್ದಳು.

ಆರು ವರ್ಷ ಒಂದೇ ಕೋಣೆಯಲ್ಲಿ ಹೊಲಿಗೆಗೆ ಕೈಜೋಡಿಸಿ, ಜ್ವರ ಬಂದಾಗ ತಲೆಗೆ ಒದ್ದೆ ಬಟ್ಟೆ ಹಾಕಿದವಳು ಮುಟ್ಟಿಲ್ಲವೆಂದು ಮುಖದೆದುರೇ ಸುಳ್ಳು ಹೇಳಿದ್ದಳು. ಗಿಡ ಸತ್ತಿದ್ದಕ್ಕಿಂತ ಅದು ಹೆಚ್ಚು ಚುಚ್ಚಿತು. "ನಿನ್ನನ್ನ ನಂಬಿದ್ದೆ ನೋಡು, ನನಗೆ ಬುದ್ಧಿ ಇಲ್ಲ," ಎಂದುಬಿಟ್ಟಳು. ಮರುದಿನ ನಾದಿನಿ ಬಟ್ಟೆ ತುಂಬಿಕೊಂಡು ಹಾಸ್ಟೆಲಿಗೆ ಹೊರಟಳು. ಯಾರೂ ತಡೆಯಲಿಲ್ಲ.

ನಾದಿನಿ ಹೋದ ಮೇಲೆ ಅವಳು ಕ್ಯಾನನ್ನು ತೊಳೆದು, ಹೊಲಿಗೆ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬೀರುವಿನ ತುಂಬ ಗಂಡನ ಅಂಗಿಗಳು. ಆಸಿಡ್ ಸಿಡಿದು ತೋಳಿನಲ್ಲಿ ಬೀಳುತ್ತಿದ್ದ ತೂತುಗಳಿಗೆ ತೇಪೆ ಹಾಕುವುದು ಮೊದಲೆಲ್ಲ ವಾರವಾರದ ಕೆಲಸವಾಗಿತ್ತು. ಈಚೆಗೆ ಆ ಕೆಲಸವೂ ಇರಲಿಲ್ಲ. ವಯಸ್ಸಾಗುತ್ತ ಮನುಷ್ಯ ಹುಷಾರಾಗಿದ್ದಾನೆ ಎಂದುಕೊಂಡಳು.

ವಾರ ಕಳೆಯಿತು. ಇನ್ನೊಂದು ಗಿಡ ಬಾಗಿತು. ಆ ಸಂಜೆ ಗಂಡ ಮುಖ ತೊಳೆಯಲು ಹೋದಾಗ, ಅವನು ಆಗಷ್ಟೇ ಕೆಳಗಿಟ್ಟ ಬಾಟಲಿಗೇ ಮೀಟರ್ ಅದ್ದಿದಳು.

ಮುನ್ನೂರ ಹನ್ನೆರಡು.

ಅಂದರೆ ಲ್ಯಾಬಿನ ಬಟ್ಟಿ ಯಂತ್ರವೇ ಕೆಟ್ಟಿದೆ! ಮೊದಲು ಕಣ್ಣ ಮುಂದೆ ಬಂದದ್ದು ನಾದಿನಿಯ ಮುಖ. ಆಮೇಲೆ ಗಂಡನ ಬಗ್ಗೆ ಚಿಂತೆ. ಕೆಟ್ಟ ನೀರಿನಲ್ಲಿ ಪರೀಕ್ಷೆ ಮಾಡಿದರೆ ತಪ್ಪು ವರದಿ ಹೋಗುತ್ತದೆ, ಬೈಗುಳ ತಿನ್ನುವವನು ಅವನು. ಹೇಳಿದರೆ ಮುಜುಗರಪಟ್ಟುಕೊಳ್ಳುತ್ತಾನೆ. ಬೆಳಗ್ಗೆ ಎಂಟೂಕಾಲಿಗೆ ಅವನು ಇಸ್ತ್ರಿ ಅಂಗಿ ತೊಟ್ಟು, ಖಾಲಿ ಬಾಟಲಿ ಹಿಡಿದು ಹೊರಟ ಮೇಲೆ ತಾನೇ ಲ್ಯಾಬಿನ ಮುಖ್ಯಸ್ಥೆಗೆ ಫೋನ್ ಮಾಡಿದಳು. ಸಂಜೆ ಹಾಸ್ಟೆಲಿಗೆ ಹೋಗಿ ನಾದಿನಿಯ ಕೈ ಹಿಡಿದು ಕರೆತರುವುದು ಎಂದೂ ನಿಶ್ಚಯಿಸಿದ್ದಳು.

"ನಿಮ್ಮ ಬಟ್ಟಿ ಯಂತ್ರ ಒಂದ್ಸಲ ನೋಡಿಸಿ ಮೇಡಂ. ನಮ್ಮವರು ತರೋ ನೀರು ಸರಿ ಇಲ್ಲ."



"ಯಂತ್ರ ಚೆನ್ನಾಗೇ ಇದೆಯಮ್ಮಾ. ಅವರು ಕೆಲಸ ಬಿಟ್ಟು ಐದು ತಿಂಗಳಾಯ್ತು ಅಂತ ಹೋದ ವಾರ ನಿಮ್ಮ ನಾದಿನಿ ಫೋನ್ ಮಾಡಿದಾಗಲೇ ಹೇಳಿದ್ನಲ್ಲ?"