ರಸಕರ್ಪೂರ

ಆ ಕೆಲಸ ತಮ್ಮದಲ್ಲ, ಹೆಂಡತಿಯದು ಎಂದು ಒಪ್ಪಿಕೊಳ್ಳಲು ಮುಸವೀರ್ ಸಾಹೇಬರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಸಂಘಮಿತ್ರಾ ನೋಟ್‌ಬುಕ್ ಬಿಡಿಸಿಕೊಂಡು ತಾಳ್ಮೆಯಿಂದ ಕೂತಿದ್ದಳು. ಆಕೆ ವೈ.ಎನ್.ಹೊಸಕೋಟೆಯವಳು, ತುಮಕೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಈಚೆಗೆ ಫಿಲಂ ಕ್ಯಾಮೆರಾದ ಹುಚ್ಚು ಹತ್ತಿಸಿಕೊಂಡವರು ಹಳೆಯ ಡಾರ್ಕ್‌ರೂಮಿನ ವಿದ್ಯೆಗಳನ್ನೆಲ್ಲ ಮನೆಯಲ್ಲೇ ಮಾಡಿನೋಡುತ್ತಿದ್ದಾರೆ, ಅವುಗಳಲ್ಲಿ ಯಾವುದು ಅಪಾಯ ಎಂದು ಯಾರಾದರೂ ಬರೆದಿಡಬೇಕು ಎಂದುಕೊಂಡು ಶಿರಾದವರೆಗೆ ಬಂದಿದ್ದಳು. ಸಾಹೇಬರು ತಮ್ಮ ಹಳೆಯ ಫೋಟೊ ಸ್ಟುಡಿಯೊದ ವೈಭವವನ್ನೆಲ್ಲ ಹೇಳಿದರು. ಮಸುಕು ನೆಗೆಟಿವ್ ಅನ್ನು ಗಾಢ ಮಾಡುತ್ತಿದ್ದುದು ಹೇಗೆ ಎಂದು ಕೇಳಿದಾಗ ಮಾತ್ರ ಮಾತು ಬೇರೆ ಕಡೆ ಹೊರಳಿಸುತ್ತಿದ್ದರು. ಕೊನೆಗೆ ಅಡುಗೆಮನೆಯ ಕಡೆ ಮುಖ ಮಾಡಿ, ಅದೆಲ್ಲ ಅವಳಿಗೇ ಗೊತ್ತು ಎಂದರು.

ಹಮೀದಾ ತಲೆಯ ಮೇಲೆ ಸೆರಗೆಳೆದುಕೊಂಡು ಬಂದು ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಳು. ಅರವತ್ತಾರು ವರ್ಷದ ಹೆಂಗಸು. ಹೊಸಬರೆದುರು ಬರುವುದೆಂದರೆ ಆಕೆಗೆ ಮೊದಲಿಂದಲೂ ದಿಗಿಲು. ಕೈ ನಡುಗುವುದು ಕಾಣದಿರಲೆಂದು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ಮೊದಮೊದಲು ಮಾತು ತಡವರಿಸಿತು, ಆಮೇಲೆ ತಾನಾಗಿ ಬಂತು. ಬಡವನಹಳ್ಳಿ, ಹೊಳವನಹಳ್ಳಿ ಕಡೆಯವರು ಸತ್ತವರದೊಂದು ಹಳೆಯ ಫೋಟೊ ಹಿಡಿದು ಬರುತ್ತಿದ್ದರು. ದೊಡ್ಡದು ಮಾಡಿ ಗೋಡೆಗೆ ಹಾಕಬೇಕು ಎನ್ನುತ್ತಿದ್ದರು. ಕಾಪಿ ತೆಗೆದರೆ ನೆಗೆಟಿವ್‌ನಲ್ಲಿ ಮುಖವೇ ಇರುತ್ತಿರಲಿಲ್ಲ. ಆಗ ರಸಕರ್ಪೂರ ಎಂಬ ಬಿಳಿ ಪುಡಿ ಬೇಕಾಗುತ್ತಿತ್ತು.

"ಅದ್ರ ನೀರಲ್ಲಿ ಅದ್ದಿದ್ ತಕ್ಷಣ ನೆಗೆಟಿವ್ ಹಾಲಿನಂಗೆ ಬೆಳ್ಳಗಾಗ್ಬುಡುತ್ತೆ ಕಣಮ್ಮ. ಇದ್ದ ಮುಖಾನೂ ಹೋಯ್ತು ಅನ್ಸುತ್ತೆ. ಹೆದರ್ಕೋಬಾರ್ದು. ಎರಡ್ನೇ ಬಟ್ಲಿಗೆ ಬುಟ್ರೆ ಹಣೆ, ಕೆನ್ನೆ, ಮೂಗ್ಬಟ್ಟು, ಒಂದೊಂದೇ ಕಪ್ಪಗೆ ಎದ್ದು ಬರ್ತವೆ."

ಮಂಜಮ್ಮ ಎಂಬಾಕೆ ತೀರಿಹೋದ ಮಗಳ ಮುಖ ಕಂಡು ಸ್ಟುಡಿಯೊದ ಮೆಟ್ಟಿಲ ಮೇಲೇ ಕೂತು ಅತ್ತಿದ್ದಳಂತೆ. ಆಕೆ ಸಾಹೇಬರ ಕಾಲು ಮುಟ್ಟಿ ಹೋದದ್ದನ್ನು ಹಮೀದಾ ಪರದೆಯ ಹಿಂದಿನಿಂದ ನೋಡಿದ್ದಳು. ಇಪ್ಪತ್ತು ವರ್ಷ ತಾನು ಮಾಡಿದ ಕೆಲಸದ ಬಗ್ಗೆ ಯಾರಾದರೂ ಕೂತು ಕೇಳುತ್ತಿರುವುದು ಇದೇ ಮೊದಲು. ಗ್ಲೌಸ್ ಹಾಕಿಕೊಳ್ಳುತ್ತಿದ್ದಿರಾ ಎಂದು ಸಂಘಮಿತ್ರಾ ಕೇಳಿದ್ದಕ್ಕೆ ಆಕೆಗೆ ನಗುವೇ ಬಂತು. ಬರಿಗೈ. ಮುಖಕ್ಕಷ್ಟೇ ಬೇಕಾದಾಗ ಬ್ರಶ್ಶಿನಲ್ಲಿ ಸವರುತ್ತಿದ್ದೆ, ತುದಿ ಚೂಪಾಗಲೆಂದು ಬ್ರಶ್ಶನ್ನು ತುಟಿಗಳ ನಡುವೆ ಎಳೆದುಕೊಳ್ಳುತ್ತಿದ್ದೆ ಎಂದಳು.

ಬರೆಯುತ್ತಿದ್ದ ಪೆನ್ನು ನಿಂತಿತು. ಸಂಘಮಿತ್ರಾ ತಗ್ಗಿದ ದನಿಯಲ್ಲಿ, ಅದು ಪಾದರಸದ ವಿಷ ಎಂದಳು. ಕೈ ನಡುಕ ಯಾವಾಗಿನಿಂದ ಎಂದು ಕೇಳಿದಳು. ಹಲ್ಲಿನ ಬಗ್ಗೆ ಕೇಳಿದಳು. ಜನರೆಂದರೆ ಅಂಜಿಕೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತೇ ಎಂದಾಗ, ಇವಳಿಗೆ ಯಾರು ಹೇಳಿದರು ಎಂಬಂತೆ ಹಮೀದಾ ಅವಳನ್ನೇ ನೋಡಿದಳು. ಮೂವತ್ತೈದು ತುಂಬುವ ಮೊದಲೇ ಹಲ್ಲುಗಳೆಲ್ಲ ಸಡಿಲವಾಗಿ ಬಿದ್ದಿದ್ದವು. ಸಿಟ್ಟಿಗೆ ಗಾಳಿ ಸೋಕಿದೆ ಎಂದು ಅತ್ತೆ ಏಳು ಗುರುವಾರ ದರ್ಗಾಕ್ಕೆ ಕರೆದೊಯ್ದಿದ್ದಳು. ಡಾಕ್ಟರು ನರದ ದೌರ್ಬಲ್ಯ ಎಂದಿದ್ದರು. ಮೂರು ಸಲ ಬಸಿರಾಗಿ, ಮೂರು ಸಲವೂ ನಾಲ್ಕನೇ ತಿಂಗಳಿಗೆ ಇಳಿದುಹೋಗಿತ್ತು. ಇವಳ ಮೈಯೇ ಸರಿಯಿಲ್ಲ ಎಂದು ಓಣಿಯೆಲ್ಲ ತೀರ್ಮಾನಿಸಿತ್ತು, ಆಕೆಯೂ ಅದನ್ನೇ ನಂಬಿದ್ದಳು. ಇವರ ವಂಶ ನನ್ನಿಂದ ನಿಂತುಹೋಯಿತು, ಮಾಫ್ ಮಾಡು ಎಂದು ಪ್ರತಿ ನಮಾಜಿನಲ್ಲೂ ಬೇಡಿಕೊಂಡಿದ್ದಳು. ನಿನ್ನೆಯೂ ಬೇಡಿದ್ದಳು.

"ಮಕ್ಳು ನಿಲ್ದೇ ಹೋಗಿದ್ದೂ ಅದ್ರಿಂದ್ಲೇನಾ?"

"ಅದ್ರಿಂದ್ಲೇ ಅಂತ ಈಗ ಯಾರೂ ಹೇಳೋಕಾಗಲ್ಲ ಅಮ್ಮ. ಆದ್ರೆ ಹಂಗೂ ಆಗುತ್ತೆ."

ಅಂಥ ವಿಷದ ಸೀಸೆಯ ಮೇಲೆ ತಲೆಬುರುಡೆಯ ಗುರುತಿರುವ ಚೀಟಿ ಇದ್ದೇ ಇರಬೇಕಲ್ಲ ಎಂದಳು ಸಂಘಮಿತ್ರಾ. ಹಮೀದಾ ಇಲ್ಲವೆಂದು ತಲೆಯಾಡಿಸಿದಳು. ತನ್ನ ಕೈಗೆ ಬರುತ್ತಿದ್ದ ಸೀಸೆಗಳ ಮೇಲೆ ಏನೂ ಇರುತ್ತಿರಲಿಲ್ಲ. ಹೇಳುತ್ತಿದ್ದಂತೆಯೇ ಆಕೆಗೆ ಏನೋ ಹೊಳೆದು ಗಂಡನ ಕಡೆ ತಿರುಗಿದಳು. ನಲವತ್ತೆಂಟು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಉರ್ದುವಿನಲ್ಲಲ್ಲದೆ ಮಾತಾಡಿದವರಲ್ಲ. ಈಗ ಆಕೆ ಕನ್ನಡದಲ್ಲಿ ಕೇಳಿದಳು.

"ನಿಮ್ಗೆ ಗೊತ್ತಿತ್ತೇನ್ರೀ?"

ಸಾಹೇಬರು ನೆಲ ನೋಡುತ್ತ ಉರ್ದುವಿನಲ್ಲಿ ಬಹಳ ಹೊತ್ತು ಏನೋ ಹೇಳಿದರು. ಹಮೀದಾ ಕೊನೆಯವರೆಗೂ ಕೇಳಿಸಿಕೊಂಡಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಂಜೆಗೆ ಇದೇ ಮನುಷ್ಯನಿಗೆ ರೊಟ್ಟಿ ಬೇಯಿಸಬೇಕು, ನಾಳೆಯೂ ಬೇಯಿಸಬೇಕು, ತನಗೆ ಹೋಗಲು ಬೇರೆ ಮನೆಯಿಲ್ಲ ಎಂಬುದಷ್ಟೇ ತಲೆಗೆ ಬಂತು. ಉರ್ದು ತಿಳಿಯದ ಸಂಘಮಿತ್ರಾ ಇಬ್ಬರ ಮುಖವನ್ನೂ ನೋಡಿ, ಮೆಲ್ಲಗೆ ನೋಟ್‌ಬುಕ್ ಮುಚ್ಚಲು ಹೋದಳು. ಹಮೀದಾ ನಡುಗುವ ಕೈಯನ್ನು ಆ ಹಾಳೆಯ ಮೇಲಿಟ್ಟು ತಡೆದಳು.

"ಅಂಗಡಿಯಿಂದ ತಂದ ದಿನಾನೇ ಸೀಸೆ ನೆನೆಹಾಕಿ, ಚೀಟಿ ಕೆರೆದು ತೆಗೀತಿದ್ರಂತೆ. ನಾನು ಹೆದರ್ಕೊಂಡು ಕೆಲ್ಸ ಬುಟ್ಬುಡ್ತೀನಿ ಅಂತ. ಇದ್ನೂ ಬರ್ಕೊಳಮ್ಮ."