ಭಾವನೆ ಮುಂದೆ, ವಿಚಾರ ಹಿಂದೆ

ಗಂಡ ಬೇರೆಯಾಗಲೇಬೇಕೆಂದು ಹಟ ಹಿಡಿದಿದ್ದ. 'ನನ್ನ ಹೆಂಡತಿಗೆ ಭಾವನೆಗಳೇ ಇಲ್ಲ' ಎಂದು ಅರ್ಜಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಆಪ್ತಸಮಾಲೋಚಕಿ ಹೋದ ವಾರ ಇಬ್ಬರಿಗೂ ಮನೆಗೆ ಕೊಟ್ಟು ಕಳಿಸಿದ್ದ ಸ್ವಭಾವ ಪರೀಕ್ಷೆಯ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡರು. ಇಷ್ಟು ಸ್ಪಷ್ಟವಾದ ಫಲಿತಾಂಶ ಅವರಿಗೆ ಸಿಕ್ಕಿ ಬಹಳ ದಿನವಾಗಿತ್ತು.

"ವಿಚಾರ, ಭಾವನೆ ಎರಡೂ ಜೋಡಿ. ತಕ್ಕಡಿ ಇದ್ದ ಹಾಗೆ, ಒಂದು ಮೇಲೆದ್ದರೆ ಇನ್ನೊಂದು ಕೆಳಗಿಳಿಯುತ್ತೆ," ಎಂದು ಗಂಡನ ಕಡೆ ತಿರುಗಿದರು. "ನಿಮ್ಮಲ್ಲಿ ಭಾವನೆ ಮುಂದಿದೆ, ವಿಚಾರ ಹಿಂದಿದೆ. ಇವರದು ಪೂರ್ತಿ ಉಲ್ಟಾ."

"ನಾನು ಹೇಳಿದ್ದೂ ಅದೇ ಅಲ್ವಾ ಮೇಡಂ? ಇವಳು ಕಲ್ಲು," ಎಂದ ಗಂಡ.

"ಇರಬಹುದು," ಎಂದಳು ಹೆಂಡತಿ.

"ಹಿಂದಿರೋದು ಇಲ್ಲವೇ ಇಲ್ಲ ಅಂತಲ್ಲ. ಇರುತ್ತೆ, ಕಣ್ಣಿಗೆ ಬೀಳಲ್ಲ ಅಷ್ಟೆ." ಸಮಾಲೋಚಕಿ ಗಂಡನ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡರು. "ನಿಮ್ಮ ಒಂದು ಉತ್ತರಾನ ನಾನು ಎರಡೆರಡು ಸಲ ಓದಿದೆ. ಮನೇಲಿ ಯಾರಾದ್ರೂ ರೇಗಿದ್ರೆ ಏನು ಮಾಡ್ತೀರಿ ಅನ್ನೋ ಪ್ರಶ್ನೆಗೆ, 'ಹಸಿವಾಗಿರಬಹುದು ಎಂದು ಮೊದಲು ತಟ್ಟೆ ಹಾಕಿ ಬಡಿಸುತ್ತೇನೆ' ಅಂತ ಬರೆದಿದ್ದೀರಿ. ಎಷ್ಟು ಜನ ಗಂಡಸರು ಹೀಗೆ ಬರೀತಾರೆ?"

ಗಂಡ ಹೆಂಡತಿಯ ಮುಖ ನೋಡಿದ.

"ಹಂಗಂತ ಬರೆದಿದ್ಯಾ?" ಎಂದು ಅವಳನ್ನು ಕೇಳಿ, ಸಮಾಲೋಚಕಿಯ ಕಡೆ ತಿರುಗಿದ. "ನಂಗೊತ್ತಿಲ್ಲ ಮೇಡಂ. ನಮ್ಮನೇಲಿ ಫಾರಂ ತುಂಬೋದೆಲ್ಲ ಇವಳೇ, ನಾನು ಸೈನ್ ಹಾಕ್ತೀನಿ ಅಷ್ಟೆ. ಆ ಡೈವೋರ್ಸ್ ಅರ್ಜೀನೂ ಇವಳೇ ಬರ್ಕೊಟ್ಟಿದ್ದು."